ಗಂಡು ಫಿಂಚ್ ಹಕ್ಕಿ ಸತ್ತಿದೆ, ಗೂಡಿನ ಗಡಿಗೆಯಲ್ಲಿ ಮರಿಗಳಿವೆ: ಈಗೇನು ಮಾಡಬೇಕು?

ಪ್ರಶ್ನೆ: ನಮ್ಮದು ವಿಜಯಪುರ. ಮನಿ ಮುಂದಿನ ಪತ್ರಾಸ್ ಪಡಸಾಲ್ಯಾಗ ಎರಡು ಫೂಟಿನ ಪಂಜರದಾಗ ಒಂದು ಜೋಡಿ ಜೀಬ್ರಾ ಫಿಂಚ್ ಸಾಕೀವಿ. ಮೊನ್ನೆ ಮಧ್ಯಾಹ್ನ ಗಂಡು ಸತ್ತು ಕೆಳಗ ಬಿದ್ದಿತ್ತು. ಗಡಿಗ್ಯಾಗ ಒಂಬತ್ತು ದಿನದ ಮೂರು ಮರಿ, ಒಡೀಲಾರದ ಒಂದು ತತ್ತಿ ಅದಾವ. ಹೆಣ್ಣು ಒಂದೇ ಸವನ ಕೂಗತೈತಿ. ಅಂಗಡ್ಯಾವ್ರು "ನಾಳೆನ ಬ್ಯಾರೆ ಗಂಡು ಬಿಡ್ರಿ" ಅಂತಾರ. ಓಣ್ಯಾಗ ಒಬ್ಬರು ಜೋಳದ ಹೊಲದಾಗ ಹಿಡದ ಕೆಂಪು ಮುನಿಯಾ ಕೊಡ್ತೀನಿ ಅಂತಾರ. ಹೆಣ್ಣು ಒಂದ ಮೂರು ಮರಿ ಸಾಕತೈತೇನ್ರಿ? ಮರಿಗೆ ನಾವ ತಿನಿಸಬೇಕೇನು?

ಉತ್ತರ: ನಾಳೆ ಬೇರೆ ಗಂಡು ಬಿಡಬೇಡಿ. ಒಂಬತ್ತು ದಿನದ ಮೂರು ಮರಿಗಳನ್ನು ಆರೋಗ್ಯವಂತ ಹೆಣ್ಣು ಒಂದೇ ಸಾಕಬಲ್ಲದು. ಐದಾರು ಮರಿ ಇದ್ದಿದ್ದರೆ ಮಾತು ಬೇರೆ. ಮರಿಗಳ ಕೊರಳು ಖಾಲಿ ಕಾಣುವವರೆಗೆ ನೀವು ಕೈಯಿಂದ ತಿನಿಸಲು ಹೋಗಬೇಡಿ. ಮುನಿಯಾವನ್ನಂತೂ ಮನೆಯೊಳಗೇ ತರಬೇಡಿ. ಹೊಸ ಜೋಡಿಯ ವಿಚಾರ ಮರಿಗಳು ತಾವೇ ಕಾಳು ಒಡೆದು ತಿನ್ನುವಂತಾದ ಮೇಲೆ, ಅಂದರೆ ಇನ್ನೊಂದು ತಿಂಗಳಿಗೂ ಮಿಕ್ಕಿದ ಮಾತು. ಅಲ್ಲಿಯವರೆಗೆ ಇರುವ ಕೆಲಸ ಒಂದೇ: ಇಬ್ಬರು ಹೊರುತ್ತಿದ್ದ ಹೊರೆಯನ್ನು ಒಬ್ಬಳೇ ಹೊರುತ್ತಿದ್ದಾಳೆ, ಅದನ್ನು ಹಗುರ ಮಾಡುವುದು.

ಎಲ್ಲಕ್ಕಿಂತ ಮೊದಲು ಗಂಡು ಯಾಕೆ ಸತ್ತಿತು ಎಂದು ನೋಡಿ. ಅದನ್ನು ಕೊಂದ ಕಾರಣ ಆ ಪಂಜರದಲ್ಲೇ ಇನ್ನೂ ಇದ್ದರೆ ಮುಂದಿನ ಸರದಿ ಹೆಣ್ಣಿನದು. ಬೇಸಿಗೆ, ಪತ್ರಾಸ್ ಛಾವಣಿ, ಮಧ್ಯಾಹ್ನದ ಹೊತ್ತು ಮೂರೂ ಕೂಡಿರುವುದರಿಂದ ಮೊದಲ ಅನುಮಾನ ಝಳದ ಮೇಲೆ. ಜೀಬ್ರಾ ಫಿಂಚ್ ಆಸ್ಟ್ರೇಲಿಯಾದ ಒಣ ಸೀಮೆಯ ಹಕ್ಕಿ, ಬಿಸಿಲು ತಡೆಯುತ್ತದೆ ಎನ್ನುವುದು ನಿಜ. ಆದರೆ ಅಲ್ಲಿ ಅದು ನೆರಳು ಹುಡುಕಿ ಹಾರಿಹೋಗಬಲ್ಲದು, ನಿಮ್ಮ ಪಂಜರದಲ್ಲಿ ಹೋಗಲು ಜಾಗವಿಲ್ಲ. ಹೊರಗೆ 40 ಡಿಗ್ರಿ ಇದ್ದಾಗ ಕಾದ ಪತ್ರಾಸಿನ ಕೆಳಗೆ, ಗಾಳಿಯಾಡದ ಕಡೆ ಅದಕ್ಕಿಂತ ಬಿಸಿ ಇರುತ್ತದೆ. ಹಕ್ಕಿ ಕೊಕ್ಕು ತೆರೆದು ಏದುಸಿರು ಬಿಡುತ್ತ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದರೆ ಝಳ ತಡೆಯಲಾಗುತ್ತಿಲ್ಲ ಎಂದರ್ಥ. ಪಂಜರವನ್ನು ಇವತ್ತೇ ಆರ್‌ಸಿಸಿ ಅಥವಾ ಮಾಳಿಗೆ ಇರುವ ಕೋಣೆಗೆ ಒಯ್ಯಿರಿ. ಆಗದಿದ್ದರೆ ಪತ್ರಾಸಿನ ಮೇಲೆ ಗೋಣಿತಾಟು ಹಾಸಿ ಹನ್ನೊಂದರಿಂದ ನಾಲ್ಕರವರೆಗೆ ಒದ್ದೆ ಇಡಿ. ಕೂಲರಿನ ಗಾಳಿ ನೇರ ಪಂಜರಕ್ಕೆ ಹೊಡೆಯಬಾರದು, ಕೋಣೆ ತಂಪಾದರೆ ಸಾಕು. ಗಡಿಗೆ ಇರುವ ಎತ್ತರದಲ್ಲೇ ಒಂದು ಥರ್ಮಾಮೀಟರ್ ಕಟ್ಟಿ, 35 ದಾಟದಂತೆ ನೋಡಿ. ಪಂಜರ ಬೇರೆಡೆ ಒಯ್ಯುವಾಗ ಗಡಿಗೆಯನ್ನು ಕಟ್ಟಿದ ಜಾಗದಿಂದ ಬಿಚ್ಚಬೇಡಿ, ಪಂಜರದೊಂದಿಗೇ ಎತ್ತಿ. ಗಡಿಗೆಯ ಬಾಯಿ ಬೇರೆ ದಿಕ್ಕಿಗೆ ತಿರುಗಿದರೂ ಕೆಲವು ಹೆಣ್ಣು ಒಳಗೆ ಹೋಗಲು ಅನುಮಾನಿಸುತ್ತವೆ.

ಝಳವೇ ಎಂದು ಅಷ್ಟಕ್ಕೇ ಬಿಡಬೇಡಿ. ಸತ್ತ ಹಕ್ಕಿ ಇನ್ನೂ ನಿಮ್ಮ ಬಳಿ ಇದ್ದರೆ ಎದೆಮೂಳೆಯ ಮೇಲೆ ಬೆರಳಾಡಿಸಿ ನೋಡಿ. ಎರಡೂ ಬದಿಯ ಮಾಂಸ ತುಂಬಿಕೊಂಡಿದ್ದರೆ ಸಾವು ದಿಢೀರನೆ ಬಂದದ್ದು: ಝಳ, ರಾತ್ರಿ ಬೆಕ್ಕಿಗೆ ಬೆದರಿ ಸಲಾಕೆಗೆ ತಲೆ ಹೊಡೆದುಕೊಂಡದ್ದು, ಅಥವಾ ಅಡುಗೆಮನೆಯಲ್ಲಿ ನಾನ್‌ಸ್ಟಿಕ್ ಪಾತ್ರೆ ಸುಟ್ಟ ಹೊಗೆ. ಎದೆಮೂಳೆ ಚಾಕುವಿನ ಅಂಚಿನಂತೆ ಕೈಗೆ ಹತ್ತಿದರೆ ಹಕ್ಕಿ ವಾರಗಟ್ಟಲೆ ಸೊರಗಿತ್ತು. ಮಲದ್ವಾರದ ಸುತ್ತ ಗರಿಗೆ ಹಿಕ್ಕೆ ಅಂಟಿದ್ದರೆ ಹೊಟ್ಟೆಯ ರೋಗ, ಅದು ಹೆಣ್ಣಿಗೂ ಮರಿಗೂ ಹಬ್ಬಿರಬಹುದು. ಈ ಎರಡು ಸಂದರ್ಭಗಳಲ್ಲಿ ಎರಡು ದಿನದ ತಾಜಾ ಹಿಕ್ಕೆಯನ್ನು ಪುಟ್ಟ ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಸಾವಿಗೆ ಮುಂಚೆ ಉಸಿರಾಡುವಾಗ ಟಿಕ್ ಟಿಕ್ ಸದ್ದು ಬರುತ್ತಿತ್ತೇ ನೆನಪು ಮಾಡಿಕೊಳ್ಳಿ. ಅದು ಗಾಳಿಚೀಲದ ನುಸಿಯ ಗುರುತು, ಐವರ್ಮೆಕ್ಟಿನ್ ಎಂಬ ಔಷಧ ಬೇಕಾಗುತ್ತದೆ, ಆದರೆ 12–15 ಗ್ರಾಂ ತೂಗುವ ಹಕ್ಕಿಗೆ ಅದರ ಅಳತೆಯನ್ನು ವೈದ್ಯರೇ ಹೇಳಬೇಕು. ಮನುಷ್ಯರ ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ಒಡೆದು ನೀರಿಗೆ ಬೆರೆಸುವ ರೂಢಿ ಬಹಳ ಕಡೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ನೀರು ಕಹಿಯಾದರೆ ಹೆಣ್ಣು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ, ಈ ಬಿಸಿಲಲ್ಲಿ ಅದೊಂದೇ ಸಾಕು ಅನಾಹುತಕ್ಕೆ.

ಈಗ ಮರಿಗಳು. ಸಂಜೆ ಕತ್ತಲಾಗುವ ಅರ್ಧ ಗಂಟೆ ಮುಂಚೆ ಹೆಣ್ಣು ಹೊರಗೆ ಬಂದಾಗ ಗಡಿಗೆಯೊಳಗೆ ಪುಟ್ಟ ಟಾರ್ಚ್ ಬಿಟ್ಟು ಮರಿಯ ಕೊರಳು ನೋಡಿ. ಈ ವಯಸ್ಸಿಗೆ ಕಣ್ಣು ತೆರೆದಿರುತ್ತದೆ, ರೆಕ್ಕೆಯಲ್ಲಿ ಮುಳ್ಳಿನಂಥ ಗರಿಗೊಳವೆ ಮೂಡಿರುತ್ತವೆ, ಕೊರಳ ಚರ್ಮ ಮಾತ್ರ ಇನ್ನೂ ತೆಳ್ಳಗಿರುತ್ತದೆ. ಹೊಟ್ಟೆ ತುಂಬಿದ ಮರಿಯ ಕತ್ತಿನ ಎರಡೂ ಬದಿ ಉಬ್ಬಿಕೊಂಡು, ಚರ್ಮದೊಳಗಿಂದ ನವಣೆಯ ಕಾಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ ಕಾಣುತ್ತದೆ. ಹಾಗಿದ್ದರೆ ಹೆಣ್ಣು ತನ್ನ ಕೆಲಸ ಮಾಡುತ್ತಿದೆ, ಗಡಿಗೆ ಮುಟ್ಟದೆ ಹಿಂದೆ ಸರಿಯಿರಿ. ಕೊರಳು ಚಪ್ಪಟೆಯಾಗಿದ್ದು ಚರ್ಮ ನೆರಿಗೆ ಬಿದ್ದಿದ್ದರೆ ಆ ಮರಿ ಉಪವಾಸವಿದೆ. ಮೂರರಲ್ಲಿ ಒಂದರ ಕೊರಳು ಮಾತ್ರ ಖಾಲಿ ಇದ್ದರೆ ಅದು ಸಾಮಾನ್ಯವಾಗಿ ಕೊನೆಗೆ ಒಡೆದ ಸಣ್ಣ ಮರಿ, ಅದಕ್ಕಷ್ಟೇ ಸಹಾಯ ಸಾಕು. ಬೆಳಿಗ್ಗೆ ನೋಡಿ ಗಾಬರಿಯಾಗಬೇಡಿ, ರಾತ್ರಿ ಕಳೆದ ಮೇಲೆ ಎಲ್ಲ ಮರಿಗಳ ಕೊರಳೂ ಖಾಲಿ ಇರುತ್ತದೆ.

ಹೆಣ್ಣಿನ ಓಡಾಟ ಕಡಿಮೆ ಮಾಡುವುದೇ ದೊಡ್ಡ ಸಹಾಯ. ಕಾಳಿನ ಬಟ್ಟಲು, ನೀರು ಎರಡನ್ನೂ ಗಡಿಗೆಯಿಂದ ಒಂದೇ ಜಿಗಿತಕ್ಕೆ ಸಿಗುವಂತೆ ಕಟ್ಟಿ. ಆದರೆ ಗಡಿಗೆಯ ನೇರ ಕೆಳಗೆ ಬೇಡ, ಹಿಕ್ಕೆ ಬೀಳುತ್ತದೆ. ಕಾಳು ಸಿಪ್ಪೆ ಸಮೇತ ಇರಬೇಕು: ಎರಡು ಪಾಲು ನವಣೆ, ಒಂದು ಪಾಲು ಸಾವೆ, ಒಂದು ಪಾಲು ಬರಗು. ಅಂಗಡಿಯಲ್ಲಿ ಕಂಗಣಿ ಎಂದು ಕೊಡುವುದೂ ನವಣೆಯೇ. ಊಟಕ್ಕೆಂದು ಸಿಪ್ಪೆ ತೆಗೆದ ನವಣಕ್ಕಿ ನಡೆಯುವುದಿಲ್ಲ ಎಂದೇನಿಲ್ಲ, ಆದರೆ ಬೇಗ ಮುಗ್ಗಲು ಹಿಡಿಯುತ್ತದೆ. ಬಿತ್ತನೆಗೆ ತಂದು ಉಳಿದ ಬೀಜವನ್ನು ಮಾತ್ರ ಎಂದೂ ಹಾಕಬೇಡಿ, ಅದಕ್ಕೆ ಔಷಧ ಹಚ್ಚಿರುತ್ತಾರೆ. ಗುಲಾಬಿಯೋ ನೀಲಿಯೋ ಬಣ್ಣ ಕಂಡರೆ ಅದು ವಿಷ. ಒಂದು ಫಿಂಚ್ ದಿನಕ್ಕೆ 3–4 ಗ್ರಾಂ ಕಾಳು ತಿನ್ನುತ್ತದೆ. ಮೂರು ಮರಿ ಇರುವಾಗ ಬೆಳಿಗ್ಗೆ ಎರಡು ಚಮಚ, ಮಧ್ಯಾಹ್ನ ಮತ್ತೆ ಎರಡು ಚಮಚ ಹಾಕಿ. ಎಷ್ಟೋ ಮರಿಗಳು ಸಾಯುವುದು ಬಟ್ಟಲು ತುಂಬಿದೆ ಎಂಬ ಭ್ರಮೆಯಿಂದ. ಮೇಲೆ ಕಾಣುವುದು ಬರೀ ಹೊಟ್ಟು. ದಿನಕ್ಕೆರಡು ಸಲ ಬಟ್ಟಲು ಎತ್ತಿ ಹೊಟ್ಟು ಊದಿ ತೆಗೆಯಿರಿ, ಆಗ ಕೆಳಗೆಷ್ಟು ಕಾಳು ಉಳಿದಿದೆ ಎಂದು ತಿಳಿಯುತ್ತದೆ.

ಮರಿ ಬೆಳೆಯಲು ಕಾಳೊಂದೇ ಸಾಲದು. ಕೋಳಿ ತತ್ತಿಯನ್ನು ಹತ್ತು ನಿಮಿಷ ಕುದಿಸಿ, ನುಣ್ಣಗೆ ಹಿಸುಕಿ, ಬೆಳಗಾಗುತ್ತಲೇ ಒಂದು ಚಮಚ, ಸಂಜೆ ಐದಕ್ಕೆ ಒಂದು ಚಮಚ ಇಡಿ. ಈ ಬೇಸಿಗೆಯಲ್ಲಿ ಎರಡು ಗಂಟೆಯಾದ ಮೇಲೆ ಉಳಿದದ್ದನ್ನು ಎತ್ತಿಬಿಡಬೇಕು, ಹಳಸಿದ ತತ್ತಿ ಮರಿಗಳಿಗೆ ಭೇದಿ ಹತ್ತಿಸುತ್ತದೆ. ಜೊತೆಗೆ ಮೊಳಕೆ ನವಣೆ: ಎಂಟು ಹತ್ತು ಗಂಟೆ ನೆನೆಸಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ, ಆರು ಗಂಟೆಗೊಮ್ಮೆ ತೊಳೆಯುತ್ತ ಬಿಳಿ ಮೊನೆ ಕಂಡಾಗ ಕೊಡಿ. ಹುಳಿ ವಾಸನೆ ಬಂದರೆ ಚೆಲ್ಲಿ. ಸುಣ್ಣದಂಶಕ್ಕೆ ಸಮುದ್ರದ ನೊರೆಯ, ಅಂದರೆ ಕಟಲ್ ಮೀನಿನ ಎಲುಬಿನ, ತುಂಡೊಂದನ್ನು ಸಲಾಕೆಗೆ ಸಿಕ್ಕಿಸಿ, ಮೃದುವಾದ ಬದಿ ಒಳಮುಖವಾಗಿರಲಿ. ಸಿಗದಿದ್ದರೆ ತತ್ತಿಯ ಓಡನ್ನು ತೊಳೆದು, ತವೆಯ ಮೇಲೆ ಹತ್ತು ನಿಮಿಷ ಹುರಿದು, ರವೆಯಷ್ಟು ಪುಡಿ ಮಾಡಿ ಇಟ್ಟರಾಯಿತು. ಸೊಪ್ಪಿನಲ್ಲಿ ಮೆಂತ್ಯ, ಕೊತ್ತಂಬರಿ ಒಳ್ಳೆಯದು. ಪಾಲಕ್ ಅಪರೂಪಕ್ಕೆ ಮಾತ್ರ, ಅದರ ಆಕ್ಸಲಿಕ್ ಆಮ್ಲ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ.

ತತ್ತಿಯ ವಾಸನೆಗೆ ಇರುವೆ ಬರುತ್ತವೆ. ಹೆಣ್ಣು ಹೊರಗಿದ್ದ ಹತ್ತು ನಿಮಿಷದಲ್ಲಿ ಕೆಂಪಿರುವೆಗಳು ಮರಿಯನ್ನು ಮುಗಿಸಬಲ್ಲವು. ಪಂಜರದ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ಇಡಿ. ಇರುವೆ ಚಾಕ್ ಗೀಚಬೇಡಿ, ಅದು ಹಕ್ಕಿಗೂ ವಿಷ.

ಒಡೆಯದ ಆ ತತ್ತಿಯ ವಿಚಾರ: ಕಾವು ಕೂತ 12–14 ದಿನಕ್ಕೆ ಮರಿ ಬರಬೇಕು. ಉಳಿದವು ಒಡೆದು ಒಂಬತ್ತು ದಿನ ಕಳೆದ ಮೇಲೆ ಅದು ಒಡೆಯುವುದಿಲ್ಲ. ಹಾಗಂತ ತೆಗೆಯುವ ಅವಸರವೂ ಇಲ್ಲ, ಸಣ್ಣ ಮರಿಗೆ ಒರಗಲು ಆಸರೆಯಾಗುತ್ತದೆ. ಬಿರುಕು ಬಿಟ್ಟರೆ ಮಾತ್ರ ತೆಗೆಯಿರಿ. ಇಲ್ಲೇ ಇನ್ನೊಂದು ಮಾತು. ಗಂಡು ಸತ್ತ ಮೇಲೆ ಹೆಣ್ಣು ಇಡುವ ತತ್ತಿಗಳೆಲ್ಲ ಬರಡು ಎಂದು ಎಸೆಯುವವರಿದ್ದಾರೆ. ಅದು ತಪ್ಪು. ಹೆಣ್ಣಿನ ದೇಹದಲ್ಲಿ ವೀರ್ಯ ಹತ್ತು ದಿನದ ಆಸುಪಾಸು ಜೀವಂತ ಉಳಿಯುತ್ತದೆ, ಹಾಗಾಗಿ ಗಂಡು ಹೋದ ವಾರದಲ್ಲಿ ಇಟ್ಟ ತತ್ತಿಯಲ್ಲೂ ಮರಿ ಇರಬಹುದು. ಕಾವು ಕೂತ ಐದನೇ ದಿನ ಕತ್ತಲೆಯಲ್ಲಿ ಎಲ್‌ಇಡಿ ಟಾರ್ಚಿನ ಮುಂದೆ ಹಿಡಿಯಿರಿ. ಕೆಂಪು ನರಗಳ ಜಾಲ ಕಂಡರೆ ಜೀವವಿದೆ. ಬರೀ ಹಳದಿ ಹೊಳಪಾದರೆ ಖಾಲಿ.

ಕೈಯಿಂದ ತಿನಿಸುವ ಪ್ರಸಂಗ ಬಂದರೆ, ಹುಟ್ಟಿ ಐದು ದಿನದೊಳಗಿನ ಮರಿ ಮನುಷ್ಯರ ಕೈಯಲ್ಲಿ ಬದುಕುವುದು ತೀರಾ ಅಪರೂಪ. ನಿಮ್ಮ ಮರಿಗಳ ವಯಸ್ಸಿನಲ್ಲಿ ಸಾಧ್ಯವಿದೆ. ಮರಿಗಳ ಆಹಾರದ ಪುಡಿಯನ್ನು ಬಿಸಿನೀರಲ್ಲಿ ಕಲಸಿ, ತೆಳ್ಳನೆ ಅಂಬಲಿಯಂತೆ ಮಾಡಿ, 38–40 ಡಿಗ್ರಿಗೆ ಬಂದಾಗ ಸೂಜಿ ತೆಗೆದ 1 ಮಿಲಿ ಸಿರಿಂಜಿನಿಂದ ಕೊಡಿ. ಒಂದು ಸಲಕ್ಕೆ ಮರಿಯ ತೂಕದ ಹತ್ತನೇ ಒಂದು ಪಾಲು, ಅಂದರೆ ಈಗ ಸುಮಾರು ಅರ್ಧ ಮಿಲಿ, ಅದೂ ಹನಿಹನಿಯಾಗಿ. ಬಾಯಿಯ ಮಧ್ಯಕ್ಕೆ ಒತ್ತಿದರೆ ಶ್ವಾಸನಾಳಕ್ಕೆ ಹೋಗಿ ಅಲ್ಲೇ ಸಾಯುತ್ತದೆ. ನಿಮ್ಮ ಎಡಕ್ಕೆ ತೋರುವ ಬದಿ ಯಾವುದೆಂದು ತಡಕಾಡಬೇಡಿ, ಮರಿಯ ಎಡ ಬಾಯಿಯಂಚಿನಿಂದ ಅದರ ಬಲಗಡೆಗೆ ಓರೆಯಾಗಿ ಹನಿ ಬಿಡಿ. ಹಗಲಿಡೀ ಒಂದೂವರೆ, ಎರಡು ಗಂಟೆಗೊಮ್ಮೆ ಬೇಕು. ತಣ್ಣಗಿನ ಮರಿಗೆ ಮೊದಲು ಬೊಗಸೆಯಲ್ಲಿ ಬೆಚ್ಚಗೆ ಮಾಡಿ, ಆಮೇಲೆ ಉಣಿಸಿ. ತಣ್ಣನೆಯ ಮೈಯಲ್ಲಿ ಆಹಾರ ಅರಗದೆ ಕೊರಳಲ್ಲೇ ಕೊಳೆಯುತ್ತದೆ. ತಿನಿಸಿದ ಮರಿಯನ್ನು ತಿರುಗಿ ಗಡಿಗೆಗೇ ಬಿಡಿ, ಮುಟ್ಟಿದರೆಂದು ತಾಯಿ ದೂರ ಮಾಡುವುದಿಲ್ಲ.

ಊರಲ್ಲಿ ಯಾರ ಬಳಿಯಾದರೂ ಅದೇ ವಯಸ್ಸಿನ, ಎರಡು ಮೂರು ದಿನದೊಳಗಿನ ಅಂತರದ ಮರಿಗಳಿರುವ ಜೀಬ್ರಾ ಜೋಡಿ ಇದ್ದರೆ ಸೊರಗಿದ ಮರಿಯನ್ನು ಅಲ್ಲಿಡುವುದು ಸಿರಿಂಜಿಗಿಂತ ನೂರು ಪಾಲು ಮೇಲು, ನಿಮ್ಮ ಗಂಡು ರೋಗದಿಂದ ಸತ್ತದ್ದಲ್ಲ ಎಂದು ಖಚಿತವಿದ್ದರೆ ಮಾತ್ರ. ಬೆಂಗಾಲಿ ಫಿಂಚ್‌ಗಳೂ ಚೆನ್ನಾಗಿ ಸಾಕುತ್ತವೆ. ಆದರೆ ಅವುಗಳ ಕೈಯಲ್ಲಿ ಬೆಳೆದ ಜೀಬ್ರಾ ಗಂಡು ದೊಡ್ಡದಾದ ಮೇಲೆ ಬೆಂಗಾಲಿ ಹೆಣ್ಣಿನ ಹಿಂದೆಯೇ ಹೋಗುತ್ತದೆ, ಸ್ವಂತ ಜಾತಿಯದರತ್ತ ನೋಡುವುದೇ ಕಡಿಮೆ.

ಮರಿಗಳು 18–21ನೇ ದಿನಕ್ಕೆ ಗಡಿಗೆ ಬಿಟ್ಟು ಹೊರಬರುತ್ತವೆ. ಒಂಟಿ ಹೆಣ್ಣಿನ ನಿಜವಾದ ಕಷ್ಟ ಆಗ ಶುರು. ಜೋಡಿಯಿದ್ದಾಗ ಹೆಣ್ಣು ಮುಂದಿನ ತತ್ತಿಗೆ ಕೂತರೂ ಹೊರಬಂದ ಮರಿಗಳಿಗೆ ಗಂಡು ಉಣಿಸುತ್ತಿರುತ್ತದೆ. ನಿಮ್ಮಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲ, ಹೆಣ್ಣಿಗೋ ಮತ್ತೆ ತತ್ತಿ ಇಡುವ ಹಂಬಲ. ಹಾಗಂತ ಮರಿ ಹೊರಬಂದ ದಿನವೇ ಗಡಿಗೆ ತೆಗೆದರೆ ಅವಕ್ಕೆ ರಾತ್ರಿ ಮಲಗಲು ಜಾಗವಿಲ್ಲ. ಒಂದು ವಾರ, ಹತ್ತು ದಿನ ತಡೆಯಿರಿ. ಮರಿಗಳು ಕೋಲಿನ ಮೇಲೆ ಒತ್ತಾಗಿ ಕೂತು ಮಲಗಲು ಕಲಿತದ್ದನ್ನು ಕಂಡ ಮೇಲೆ ಗಡಿಗೆ, ನಾರು, ಕರಿಕೆ ಎಲ್ಲ ತೆಗೆಯಿರಿ. ನಡುವೆ ತತ್ತಿ ಇಟ್ಟರೆ ಆಗಿಂದಾಗ ಎತ್ತಿ. 35–40 ದಿನಕ್ಕೆ ಮರಿಗಳು ತಾವೇ ಕಾಳು ಒಡೆಯುತ್ತವೆ. ಕಪ್ಪು ಕೊಕ್ಕು ಕೆಂಪಾಗತೊಡಗಿದ್ದು ನೋಡಿ ಬೇರ್ಪಡಿಸಬೇಡಿ, ಕಾಳಿನ ಬಟ್ಟಲ ಬಳಿ ಮರಿ ಬಿಟ್ಟ ತಾಜಾ ಹೊಟ್ಟು ನೋಡಿ ಬೇರ್ಪಡಿಸಿ.

ಗಂಡು ಮರಿಗಳಿಗೆ ಇನ್ನೊಂದು ಕೊರತೆ ಇದೆ, ಹಾಡು. ಜೀಬ್ರಾದಲ್ಲಿ ಹಾಡುವುದು ಗಂಡು ಮಾತ್ರ. ಮರಿ ತನ್ನ ಹಾಡನ್ನು 25ರಿಂದ 65ನೇ ದಿನದ ನಡುವೆ, ಹೆಚ್ಚಾಗಿ ಅಪ್ಪನಿಂದ ಕಲಿಯುತ್ತದೆ. ಕೇಳದೆ ಬೆಳೆದದ್ದು ದೊಡ್ಡದಾದ ಮೇಲೆ ತೊದಲುತ್ತದೆ, ಹೆಣ್ಣುಗಳು ಅಂಥ ಹಾಡಿಗೆ ಅಷ್ಟಾಗಿ ಒಲಿಯುವುದಿಲ್ಲ. ಕೆನ್ನೆಗೆ ಕಿತ್ತಳೆ ಬಣ್ಣ ಬರುತ್ತಿರುವ ಮರಿಗಳನ್ನು 40ನೇ ದಿನಕ್ಕೆ, ಹಾಡುವ ಗಂಡು ಇರುವ ಸ್ನೇಹಿತರ ಮನೆಗೆ ಕೊಟ್ಟರೆ ಕಲಿಯಲು ಇನ್ನೂ ಹೊತ್ತಿದೆ.

ಹೆಣ್ಣು ಕೂಗುತ್ತಿರುವುದು ಜೊತೆಗಾರನನ್ನು ಹುಡುಕುವ ಕರೆ. ಎರಡು ಮೂರು ದಿನದಲ್ಲಿ ಕಡಿಮೆಯಾಗುತ್ತದೆ. ಕೂಗಿದರೂ ತಿನ್ನುತ್ತಿದ್ದರೆ ಚಿಂತೆ ಬೇಡ. ಗರಿ ಕೆದರಿ, ಮೌನವಾಗಿ, ಕೆಳಗೆ ಕೂತಿದ್ದರೆ ಅದು ದುಃಖವಲ್ಲ, ರೋಗ. ಅಥವಾ ಹೊಟ್ಟೆಯಲ್ಲಿ ತತ್ತಿ ಸಿಕ್ಕಿಕೊಂಡಿದೆ. ಸಣ್ಣ ಡಬ್ಬಿಯಲ್ಲಿ ಕೂಡಿಸಿ, ಬಂಗಾರ ತೂಗುವಂಥ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಎರಡು ದಿನದಲ್ಲಿ ಒಂದೂವರೆ ಗ್ರಾಂ ಇಳಿದಿದ್ದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ, ದಾರಿಯಲ್ಲಿ 30 ಡಿಗ್ರಿ ಬೆಚ್ಚಗಿರಲಿ.

ಇನ್ನು ಹೊಸ ಗಂಡು. ಮರಿ ಇರುವ ಪಂಜರಕ್ಕೆ ಹೊರಗಿನ ಗಂಡು ಬಿಟ್ಟರೆ ಅದು ಆ ಗಡಿಗೆಯನ್ನು ತನ್ನದೆಂದು ಹಿಡಿಯುತ್ತದೆ. ಮರಿಗಳನ್ನು ಕುಕ್ಕಿ ಹೊರಗೆಳೆಯಬಹುದು, ಹೆಣ್ಣನ್ನು ಮತ್ತೆ ತತ್ತಿಗೆ ಎಬ್ಬಿಸಬಹುದು. ಅದು ತಂದ ರೋಗವೂ ಮರಿಗಳಿಗೆ ನೇರ ತಗಲುತ್ತದೆ. ನಿಮ್ಮ ಲೆಕ್ಕ ಹೀಗಿರಲಿ: ಏಪ್ರಿಲ್ ನಡುವೆ ಒಂಬತ್ತು ದಿನದ ಮರಿಗಳು ಮೇ ನಡುವೆ ಬೇರೆಯಾಗುತ್ತವೆ. ಆಮೇಲೆ ಹೆಣ್ಣಿಗೆ ಕನಿಷ್ಠ ಆರು ವಾರ ವಿಶ್ರಾಂತಿ: ತತ್ತಿ ಆಹಾರ, ಮೊಳಕೆ ಎರಡನ್ನೂ ನಿಲ್ಲಿಸಿ ಬರೀ ಕಾಳು, ಸೊಪ್ಪು, ಸಮುದ್ರದ ನೊರೆ. ಮಿರಗದ ಮಳೆ ಬಿದ್ದು ತಂಪಾದ ಮೇಲೆ ಗಂಡು ತನ್ನಿ, ಮೇ ತಿಂಗಳ ಬಿಸಿಲಲ್ಲಿ ಬಸ್ಸಿನಲ್ಲಿ ಹಕ್ಕಿ ತರುವುದೇ ಅಪಾಯ. ಬೇರೆ ಕೋಣೆಯಲ್ಲಿ, ಬೇರೆ ಬಟ್ಟಲುಗಳೊಂದಿಗೆ ಮೂವತ್ತು ದಿನ ಇಡಿ. ಮೊದಲು ಹಳೆಯ ಹಕ್ಕಿಗೆ ನೀರು ಕಾಳು, ಕೊನೆಗೆ ಹೊಸದಕ್ಕೆ, ಆಮೇಲೆ ಕೈ ತೊಳೆಯಿರಿ. ಗಂಡಿಗೆ ಆರರಿಂದ ಒಂಬತ್ತು ತಿಂಗಳು ತುಂಬಿರಲಿ. ಮೂರು ತಿಂಗಳಿಗೇ ಕೂಡಬಲ್ಲದು, ಆದರೆ ಅಷ್ಟು ಎಳೆಯದು ಕಾವು ಬಿಟ್ಟು ಏಳುವುದು ಜಾಸ್ತಿ.

ಸಾಧ್ಯವಿದ್ದರೆ ಒಂದೇ ಗಂಡು ತರುವ ಬದಲು ಎರಡು ಮೂರು ಗಂಡುಗಳಲ್ಲಿ ಹೆಣ್ಣೇ ಆರಿಸಿಕೊಳ್ಳಲಿ. ಇದು ಬರೀ ಭಾವುಕತೆಯ ಮಾತಲ್ಲ. 2015ರಲ್ಲಿ ಪ್ರಕಟವಾದ, ಜರ್ಮನಿಯ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಅಧ್ಯಯನದಲ್ಲಿ ತಾವೇ ಆರಿಸಿಕೊಂಡ ಜೀಬ್ರಾ ಜೋಡಿಗಳ ಸಂತಾನ ಯಶಸ್ಸು, ಬಲವಂತದಿಂದ ಕೂಡಿಸಿದ ಜೋಡಿಗಳಿಗಿಂತ ಶೇ 37 ಹೆಚ್ಚಿತ್ತು. ಪಂಜರಗಳನ್ನು ಪಕ್ಕಪಕ್ಕ ಇಟ್ಟು ಹತ್ತು ದಿನ ನೋಡಿ. ಯಾವ ಗಂಡಿನ ಕಡೆಯ ಸಲಾಕೆಗೆ ಹೆಣ್ಣು ಒತ್ತಿ ಕೂರುತ್ತದೋ, ಸಂಜೆ ಯಾವ ಬದಿಗೆ ಮಲಗುತ್ತದೋ ಅದೇ ಉತ್ತರ. ಆಮೇಲೆ ಇಬ್ಬರಿಗೂ ಹೊಸದಾದ ಪಂಜರಕ್ಕೆ ಒಟ್ಟಿಗೆ ಬಿಡಿ, ಎರಡು ಕಡೆ ಕಾಳು, ಎರಡು ಕಡೆ ನೀರು, ಗಡಿಗೆ ಬೇಡ. ಬೆಳಿಗ್ಗೆ ಬಿಟ್ಟರೆ ಇಡೀ ಹಗಲು ಕಣ್ಣಿಡಬಹುದು. ಸ್ವಲ್ಪ ಓಡಿಸಾಟ ಸಹಜ. ಕಾಳಿಗೆ ಬಿಡದೆ ಓಡಿಸಿದರೆ, ಹಿಂದಲೆಯ ಗರಿ ಕಿತ್ತರೆ ಬೇರ್ಪಡಿಸಿ ಇನ್ನೊಂದು ವಾರ ತಡೆಯಿರಿ. ಮೈಗೆ ಮೈ ತಾಗಿಸಿ ಕೂತು ಒಬ್ಬರ ಕೊರಳನ್ನು ಇನ್ನೊಬ್ಬರು ನೀವತೊಡಗಿದರೆ ಜೋಡಿಯಾಯಿತು.

ಬದಲಿಗೆ ಹೆಣ್ಣು ಸತ್ತು ಗಂಡು ಉಳಿದವರಿಗೆ: ಕಾವು ಕೂತು ಕೆಲವೇ ದಿನವಾಗಿದ್ದರೆ ಗಂಡು ಬಹಳ ಸಲ ಬಿಟ್ಟುಬಿಡುತ್ತದೆ, ತತ್ತಿಗಳನ್ನು ಬೇರೆ ಜೋಡಿಗೆ ಕೊಡುವುದೇ ಸರಿ. ಮರಿಗೆ ಏಳು ದಿನ ದಾಟಿದ್ದರೆ ಗಂಡೂ ಸಾಕುತ್ತದೆ. ದೊಡ್ಡ ಗೂಡಿನಲ್ಲಿ ಹಲವು ಜೋಡಿ ಇಟ್ಟವರು ಒಂಟಿಯಾದ ಗಂಡನ್ನು ತಕ್ಷಣ ಹೊರಗೆ ತೆಗೆಯಬೇಕು, ಅದು ಉಳಿದವರ ಗಡಿಗೆಗಳಿಗೆ ನುಗ್ಗುತ್ತದೆ. ಒಂಟಿ ಹೆಣ್ಣಿನ ಜೊತೆ ಅದರದೇ ಗಂಡು ಮರಿಗಳನ್ನು ಮೂರು ತಿಂಗಳ ಮೇಲೆ ಬಿಟ್ಟರೆ ತಾಯಿ ಮಗ ಕೂಡುತ್ತವೆ, ಅಂಥ ಮರಿಗಳು ಬಲಹೀನ. ಕಾಲಿಗೆ ಬಣ್ಣದ ಉಂಗುರ ಹಾಕಿ ಗುರುತಿಟ್ಟುಕೊಳ್ಳಿ.

ಮುನಿಯಾ, ಅಂದರೆ ನಮ್ಮ ಕೆಂಪು ರಾಟವಾಳ, ಹೊಲದ ಹಕ್ಕಿ. ಅದನ್ನು ಹಿಡಿಯುವುದು, ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಜೀಬ್ರಾದೊಂದಿಗೆ ಜೋಡಿಯೂ ಆಗುವುದಿಲ್ಲ. ಹಿಡಿದವರಿಗೆ ಹೇಳಿ, ಅರಣ್ಯ ಇಲಾಖೆಗೆ ಒಪ್ಪಿಸಲಿ. ಪಂಜರದಲ್ಲೇ ತಲೆಮಾರುಗಳಿಂದ ಬೆಳೆದ ಜೀಬ್ರಾಗೆ ಆ ನಿರ್ಬಂಧ ಇಲ್ಲ.

ಹೊಸ ಜೋಡಿ ಎರಡು ವಾರ ಒಂದೇ ಕೋಲಿನ ಮೇಲೆ ಮಲಗಿದ ಮೇಲೆ, ಹೆಚ್ಚುಕಡಿಮೆ ನಾಗರ ಪಂಚಮಿ ಹೊತ್ತಿಗೆ, ಹೊಸ ಗಡಿಗೆ ಕಟ್ಟಿ. ಹಳೆಯದು ಬೇಡ, ಅದರ ನಾರಿನಲ್ಲಿ ನುಸಿ ಇರುತ್ತದೆ. ಒಳಗೆ ಒಣಗಿದ ಕರಿಕೆ, ತೆಂಗಿನ ನಾರು ಹಾಕಿ, ಹತ್ತಿ ಮತ್ತು ದಾರ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತವೆ. ಮತ್ತೆ ತತ್ತಿ ಆಹಾರ ಶುರು ಮಾಡಿ. ವಾರದೊಳಗೆ ಮೊದಲ ತತ್ತಿ ಬರಬಹುದು. ಮೂರಕ್ಕಿಂತ ಹೆಚ್ಚು ಮರಿ ಬಂದರೂ ಈ ಸಲ ಸಾಕಲು ಇಬ್ಬರಿದ್ದಾರೆ.